ಕೂರಿಗೆ ದಿನದ ಕೆಂಡ

ಮಸ್ಕಿಯ ನಮ್ಮ ಓಣಿಗೆ ಹೊಸ ಸೊಸೆ ಬಂದರೆ ಅವಳಿಗೆ ತಪ್ಪದೆ ಹೇಳುವ ಕಥೆ ಒಂದಿದೆ. ಬಸಣ್ಣನ ಹೆಂಡತಿ ನೀಲವ್ವ ಬಿತ್ತಲು ಕೂರಿಗೆ ಹೂಡಿದ ದಿನ ಒಲೆಯ ಮುಂದೆ ಕೂತು ನಿದ್ದೆಹೋದಳು. ಒಲೆ ಆರಿತು. ಹೊಗೆಯ ಬೆನ್ನಿಗೆ ಮನೆಯ ಬರಕತ್ತೂ, ಅಂದರೆ ಸಮೃದ್ಧಿಯೂ, ಹೋಯಿತು. ಬಿತ್ತಿದ ಜೋಳ ಮಣ್ಣಿನಲ್ಲೇ ಕೊಳೆಯಿತು, ಗಂಡ ಅವಳನ್ನು ತವರಿಗೆ ಅಟ್ಟಿದ. ಕಥೆಗೆ ಒಂದು ಬಾಲವೂ ಇದೆ: ಹೈದರಾಬಾದಿನಲ್ಲಿ ಓದುವ ಹುಡುಗನೊಬ್ಬ ಹಿರಿಯರು ಕೂಡುವ ಕಟ್ಟೆಯ ಮುಂದೆ ಎದ್ದು ನಿಂತು ಅವಳ ಪರವಾಗಿ ಸುಳ್ಳು ಹೆಣೆಯಲು ಹೋದ, ಅವಳೇ ಅವನ ಬಾಯಿ ಮುಚ್ಚಿಸಿದಳು. ಬಾಲಕ್ಕೆ ಬಂದಾಗ ಎಲ್ಲರೂ ನಗುತ್ತಾರೆ. ಆ ಹುಡುಗ ಮನೆಯಲ್ಲಿದ್ದರೆ ಅವನನ್ನು ನೋಡಿಕೊಂಡು ಇನ್ನಷ್ಟು ನಗುತ್ತಾರೆ.

ಆ ಹುಡುಗ ನಾನು. ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಅಂದು ನೀಲವ್ವ ನಿದ್ದೆಹೋಗಲಿಲ್ಲ, ಅವಳ ಒಲೆ ಆರಲಿಲ್ಲ, ಜೋಳ ಕೊಳೆತದ್ದಕ್ಕೂ ಒಲೆಗೂ ಸಂಬಂಧವಿಲ್ಲ. ಇದರಲ್ಲಿ ನಿಜವಿರುವುದು ಬಾಲದ ಅರ್ಧ ಮಾತ್ರ. ಅವಳು ನನ್ನ ಬಾಯಿ ಮುಚ್ಚಿಸಿದ್ದು ನಿಜ. ನಾನು ಮುಚ್ಚಿಕೊಂಡದ್ದೂ ನಿಜ.

ಕಳೆದ ತಿಂಗಳು ಲಿಂಗಸುಗೂರಿನ ಮೋಟಾರು ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಯುದ್ಧದಿಂದಾಗಿ ಪೆಟ್ರೋಲು ಸಿಗದ ಕಾಲ. ಮೋಟಾರಿನ ಬೆನ್ನಿಗೆ ಇದ್ದಿಲು ಉರಿಸುವ ಎತ್ತರದ ಡಬ್ಬಿ ಕಟ್ಟಿದ್ದಾರೆ. ಕ್ಲೀನರ್ ಅದರ ಬಾಯಿ ತೆಗೆದು ಗಾಳಿ ಹಾಕುತ್ತಿದ್ದ, ನಾವೆಲ್ಲ ಅದು ಯಾವಾಗ ಹೊತ್ತೀತೋ ಎಂದು ಕಾಯುತ್ತಿದ್ದೆವು. ಅಷ್ಟರಲ್ಲಿ ನಾಲ್ಕು ದಪ್ಪ ಹನಿ ಬಿದ್ದವು. ಕೆಂಡ ಚುರ್ ಅಂದಿತು. ಹಸಿ ಬೂದಿಯ ವಾಸನೆ ಮುಖಕ್ಕೆ ಬಡಿಯಿತು. ಸಿಂಧನೂರಿನ ಕಡೆ ಹೋಗಬೇಕಾಗಿದ್ದವನು, ಮುಕ್ಕುಂದದಲ್ಲಿರುವ ಅಕ್ಕನ ಮನೆಗೆ ಬರುತ್ತೇನೆಂದು ಹೇಳಿ ಕಳಿಸಿದ್ದವನು, ಆ ಮೋಟಾರು ಬಿಟ್ಟು ಗುರುಗುಂಟಾಕ್ಕೆ ಹೋಗುವುದನ್ನು ಹತ್ತಿದೆ. ಗುರುಗುಂಟಾ ನೀಲವ್ವನ ತವರು.

ನೀಲವ್ವನ ಒಲೆಯ ಸಂಗತಿ ನಡೆದ ವರ್ಷ ಚಳಿಜ್ವರ ಹಿಡಿದು ನಾನು ಕಾಲೇಜಿನಿಂದ ಮನೆಗೆ ಬಂದಿದ್ದೆ. ಬರುವ ಮೊದಲು ಕಾಲೇಜಿನ ಬಹಸಿನಲ್ಲಿ, ಅಂದರೆ ಚರ್ಚಾಸ್ಪರ್ಧೆಯಲ್ಲಿ, ಗೆದ್ದಿದ್ದೆ. ಪ್ರತಿಫಲ ಬೇಡದ ದಾನವೆಂಬುದು ಜಗತ್ತಿನಲ್ಲಿ ಇಲ್ಲ ಎಂಬುದು ನನ್ನ ಪಕ್ಷ. ಕೊಡುವವನಿಗೆ ಪುಣ್ಯ ಬೇಕು. ಪುಣ್ಯ ನಂಬದಿದ್ದರೆ ಹೆಸರು ಬೇಕು. ಹೆಸರೂ ಬೇಡವೆನ್ನುವವನಿಗೆ ತನ್ನ ಕಣ್ಣಿನಲ್ಲಿ ತಾನು ದೊಡ್ಡವನಾಗಬೇಕು. ಮೂರು ಬಾಗಿಲನ್ನೂ ಮುಚ್ಚಿ ಪ್ರತಿಪಕ್ಷದವನನ್ನು ನಡುಮನೆಯಲ್ಲಿ ಕೂಡಿಹಾಕಿದ್ದೆ. ಉರ್ದುವಿನಲ್ಲಿ ಅದಕ್ಕೆ ಎಂಥ ಲಯವಿತ್ತೆಂದರೆ ಎದುರಾಳಿಯೇ ವಾಹ್ ಅಂದ. ಆ ವಾಹ್ ಕಿವಿಯಲ್ಲಿ ತುಂಬಿಕೊಂಡು, ಕಂಬಳಿ ಹೊದ್ದು, ಕ್ವಿನೈನಿನ ಕಹಿ ನುಂಗುತ್ತ ನಮ್ಮ ಪಡಸಾಲೆಯಲ್ಲಿ ಬಿದ್ದಿದ್ದೆ.

ಮುಕ್ಕುಂದಕ್ಕೆ ಕೊಟ್ಟಿದ್ದ ನನ್ನ ಅಕ್ಕ, ಗಿರಿಜಕ್ಕ, ಹೆರಿಗೆಗೆ ಬಂದಿದ್ದಳು. ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಮುಕ್ಕುಂದದ ಬೀಗರು, ಅಂದರೆ ಅವಳ ಮಾವ, ಕಳಿಸುವಾಗಲೇ ಹೇಳಿದ್ದರಂತೆ: "ಈ ಸಲ ನಿಮ್ಮ ಮನಿ ದೈವ ನೋಡೋಣು." ಆ ಮಾತು ನಮ್ಮ ಮನೆಯ ಮಾಳಿಗೆಯ ತೊಲೆಗೆ ನೇತುಹಾಕಿದಂತೆ ಇತ್ತು. ಯಾರೂ ಅದನ್ನು ಆಡುತ್ತಿರಲಿಲ್ಲ, ಎಲ್ಲರೂ ತಲೆ ಬಗ್ಗಿಸಿ ಅದರ ಕೆಳಗೆ ಓಡಾಡುತ್ತಿದ್ದರು.

ಉತ್ತರಿ ಮಳೆ ಚೆನ್ನಾಗಿ ಹಿಡಿದು ಬಿಟ್ಟಿತು. ಎರೆಹೊಲಕ್ಕೆ ಹದ ಬಂದ ದಿನ ಓಣಿಗೆ ಓಣಿಯೇ ಕೂರಿಗೆ ಹೊರಗೆ ತೆಗೆಯಿತು. ನಮ್ಮಲ್ಲಿ ಬಿತ್ತುವ ಕೂರಿಗೆಗೆ ಪೂಜೆ ಮಾಡಿ ಎತ್ತು ಹೂಡಿದ ಗಳಿಗೆಯಿಂದ ಅದು ಮರಳಿ ಅಂಗಳಕ್ಕೆ ಬರುವವರೆಗೆ ಮನೆಯ ಬೆಂಕಿ ಹೊಸ್ತಿಲು ದಾಟಬಾರದು. ಬೇರೆ ದಿನ ಬೆಳಗಾದರೆ ಒಡೆದ ಗಡಿಗೆಯ ಬೋಕಿ ಹಿಡಿದು ಬಂದವರಿಗೆಲ್ಲ ಕೆಂಡ ಕೊಡುತ್ತಾರೆ. ಕಡ್ಡಿಪೆಟ್ಟಿಗೆ ಸರಕಾರದ ಕಂಟ್ರೋಲಿಗೆ ಸಿಕ್ಕು ಅಪರೂಪವಾದ ಮೇಲಂತೂ ಒಂದು ಮನೆಯ ಕೆಂಡದಿಂದ ನಾಲ್ಕು ಮನೆಯ ಒಲೆ ಉರಿಯುತ್ತಿದ್ದವು. ಆ ಒಂದು ದಿನ ಮಾತ್ರ ಕೊಡುವುದಿಲ್ಲ. ಬೀಜದ ಜೊತೆ ಬರಕತ್ತು ಹೊಲಕ್ಕೆ ಹೋಗಬೇಕು, ಬೆಂಕಿಯ ಜೊತೆ ಪರರ ಮನೆಗಲ್ಲ. ಯಾವಳಾದರೂ ಕೊಟ್ಟರೆ, ಒಯ್ದ ಮನೆಯವರು ಸುಗ್ಗಿಯಲ್ಲಿ ರಾಶಿಯ ದಿನ ತಮ್ಮ ಒಲೆಯ ಬೆಂಕಿ ತಂದು ಆ ಒಲೆಗೆ ಹಾಕಿ ಬರಕತ್ತನ್ನು ತಿರುಗಿ ಕೊಡಬೇಕು. ಆ ಬೆಂಕಿಯಿಂದ ಬೆಂದದ್ದೇ ಇರಲಿ, ಉಳಿದ ಜೀವವೇ ಇರಲಿ, ಅದರ ಮೇಲೆ ಕೊಟ್ಟ ಮನೆಯ ಹಕ್ಕು.

ಅಪ್ಪ ಕೂರಿಗೆ ಹೊಡೆದುಕೊಂಡು ಹೋದ. ಮಧ್ಯಾಹ್ನ ಆಕಾಶ ಒಮ್ಮೆಲೇ ಕವುಚಿತು. ಅಂಥ ಮಳೆ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅಡುಗೆಮನೆಯ ಬೆಳಕಿಂಡಿಯ ಮೇಲೆ ಬೋರಲು ಹಾಕಿದ್ದ ಗಡಿಗೆ ಗಾಳಿಗೆ ಉರುಳಿ ಹೋಯಿತು. ಅವ್ವ, ನಮ್ಮ ಅಜ್ಜಿ ಆಯಿ ಇಬ್ಬರೂ ಕೋಣೆಯಲ್ಲಿ ಗಿರಿಜಕ್ಕನ ಹತ್ತಿರ ಇದ್ದರು. ಬೆಳಕಿಂಡಿಯಿಂದ ನೀರು ನೇರ ಒಲೆಗೆ ಬಿದ್ದು ಬೂದಿ ರಾಡಿಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ನಾನು ಕಂಬಳಿಯೊಳಗಿದ್ದೆ.

ಕೂಸು ಹುಟ್ಟಿತು. ಹೆರಿಗೆ ಮಾಡಿಸುವುದರಲ್ಲಿ ಆಯಿಯದು ಪಳಗಿದ ಕೈ. ಆದರೆ ಕೋಣೆಯಿಂದ ಅಳು ಕೇಳಲಿಲ್ಲ. ಬೆಕ್ಕಿನ ಮರಿಯ ಗಂಟಲಿನಂಥ ಒಂದು ಸಣ್ಣ ಕಿರುಕು ಬಂದು ನಿಂತಿತು. ಆಯಿ ಬಾಗಿಲಿಗೆ ಬಂದಳು.

"ಕೂಸು ಥಣ್ಣಗ ಐತಿ. ಕಾವು ಕೊಡಬೇಕು. ಕೆಂಡ ತಾ."

ನಾನು ಒಲೆ ನೋಡಿ ಬಂದು ಹೇಳಿದೆ. ಆಯಿಯ ಮುಖ ಒಲೆಗಿಂತ ಬೂದಿಯಾಯಿತು. ಮನೆಯಲ್ಲಿದ್ದ ಒಂದು ಕಡ್ಡಿಪೆಟ್ಟಿಗೆ ತಣಸು ಹಿಡಿದು ಕಡ್ಡಿಯ ತಲೆ ಕಿತ್ತು ಬರುತ್ತಿತ್ತು. ಅಪ್ಪನ ಚಕಮಕಿ ಹೊಲದಲ್ಲಿ, ಅವನ ಸೊಂಟದಲ್ಲಿ.

"ದೊಡ್ಡವ್ವನ ಮನಿಗೆ ಓಡು. ನಮ್ಮೋರದಾರ."

ದೊಡ್ಡವ್ವನ ಮನೆ ಗೋಡೆಗೆ ಗೋಡೆ. ಅವಳು ಬೋಕಿ ನೋಡಿದ ಕೂಡಲೇ ಒಳಗಿನಿಂದ ಅಗುಳಿ ಹಿಡಿದುಕೊಂಡಳು. "ನಮ್ಮದೂ ಕೂರಿಗಿ ಹೊಲದಾಗೇ ಐತಲ್ಲೋ ಯಪ್ಪಾ. ಬ್ಯಾರೆ ಏನರ ಕೇಳು." ಅಳುತ್ತಲೇ ಅಂದಳು. ಅಳುತ್ತಲೇ ಬಾಗಿಲು ಹಾಕಿಕೊಂಡಳು.

ನಾನು ಹಿತ್ತಲಿಗೆ ಬಂದು ನಿಂತೆ. ಹಿತ್ತಲ ಗೋಡೆಯ ಆಚೆ ಬಸಣ್ಣನ ಮನೆ. ನೀಲವ್ವ ಸಂಬಂಧಿಕಳಲ್ಲ, ಓಣಿಯವಳೆಂದು ಚಿಗವ್ವ ಅನ್ನುತ್ತಿದ್ದೆ ಅಷ್ಟೆ. ಅವಳಿಗೆ ಮಕ್ಕಳಿರಲಿಲ್ಲ. ಅವಳ ಅತ್ತೆ ಮುಂದಿನ ಪಡಸಾಲೆಯಲ್ಲಿ ಮಲಗಿದ್ದಳು. ಕುಸಿದ ಗೋಡೆ ದಾಟಿ ಹಿಂಬಾಗಿಲಲ್ಲಿ ಬೋಕಿ ಚಾಚಿ ನಿಂತೆ. ಅವಳು ಬೋಕಿ ನೋಡಿದಳು, ಆಮೇಲೆ ಮಳೆ ನೋಡಿದಳು.

"ಚಿಗವ್ವ, ಅಕ್ಕಗ..."

"ಹೇಳಬ್ಯಾಡ," ಅಂದಳು. "ಯಾತಕ ಅಂತ ಹೇಳಿದ್ರ ನಾ ವಿಚಾರ ಮಾಡಬೇಕಾಗ್ತದ. ಹಿಡಿ."

ಒಲೆ ಬಗೆದು, ತಳದಲ್ಲಿ ನಿಗಿನಿಗಿ ಎನ್ನುವ ದೊಡ್ಡ ಕೆಂಡಗಳನ್ನೇ ಆರಿಸಿ ಹಾಕಿದಳು. ತನಗೆ ಸಣ್ಣವನ್ನು ಉಳಿಸಿಕೊಂಡಳು. ಮೇಲೆ ಬೂದಿ ಮುಚ್ಚಿ, ಮೊಳೆಗೆ ತೂಗುಹಾಕಿದ್ದ ಗೋಣಿಕೊಪ್ಪೆ ತೆಗೆದು ನನ್ನ ತಲೆಗೂ ಬೋಕಿಗೂ ಕೂಡಿಯೇ ಹೊದಿಸಿದಳು. "ಜಾರಿ ಬಿದ್ದಿಯಲೇ. ಸಾವಕಾಶ ಓಡು." ಜ್ವರದಲ್ಲಿಯೂ ನನಗೆ ನಗು ಬಂತು. ಸಾವಕಾಶ ಹೇಗೆ ಓಡುವುದು?

ಆ ಕೆಂಡದ ಮೇಲೆ ಸಗಣಿಯ ಕುಳ್ಳು ಇಟ್ಟು ಊದಿದರು, ಬಟ್ಟೆ ಕಾಯಿಸಿದರು. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಮಳೆಯ ಸದ್ದನ್ನೂ ಮೀರಿ ಅತ್ತಿತು.

ಅದೇ ಮಳೆಗೆ ಹಳ್ಳ ಬಂದು ಬಸಣ್ಣನ ತಗ್ಗಿನ ಹೊಲದಲ್ಲಿ ನೀರು ನಿಂತಿತು. ಬೆಳಗ್ಗೆ ಬಿತ್ತಿದ ಜೋಳ ಅಲ್ಲೇ ಕೊಳೆಯಿತು. ನಮ್ಮ ಹೊಲ ದಿಬ್ಬದ ಮೇಲೆ. ಸಾಲು ಸಾಲಾಗಿ ಮೊಳೆಯಿತು. ನಮ್ಮ ಒಲೆ ಆರಿಸಿದ ಮಳೆಯೇ ಅವನ ಬೀಜ ಕೊಳೆಸಿತು, ಇದರಲ್ಲಿ ದೈವದ ಮಾತು ಎಲ್ಲಿಂದ ಬಂತು ಎಂದು ಯಾರನ್ನಾದರೂ ಕೇಳಲು ನಾಲಿಗೆ ತುರಿಸುತ್ತಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ಎಲ್ಲರೂ ನೀಲವ್ವನನ್ನು ಕೇಳಿದರು. ಒಲೆ ಬಗೆದದ್ದನ್ನು ಅತ್ತೆ ಆ ಸಂಜೆಯೇ ನೋಡಿದ್ದಳು. ಬೀಜ ಮೊಳೆಯದಿದ್ದಾಗ ಅದನ್ನೂ ಇದನ್ನೂ ಕೂಡಿಸಿದಳು. ಯಾರಿಗೆ ಕೊಟ್ಟಿ, ಯಾರಿಗೆ ಕೊಟ್ಟಿ ಎಂದು ಬಾವಿಯ ಹತ್ತಿರ, ಹಿತ್ತಲಲ್ಲಿ, ಊಟದ ಹೊತ್ತಿನಲ್ಲಿ ಒಂದೇ ಪ್ರಶ್ನೆ. ನೀಲವ್ವ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಗೋಡೆಯ ಈಚೆಗೆ ನಮಗೆ ಎಲ್ಲ ಕೇಳುತ್ತಿತ್ತು. ನಾವು ದನಿ ತಗ್ಗಿಸಿ ಉಣ್ಣುತ್ತಿದ್ದೆವು.

ನಾನು ಆಯಿಗೆ ಹೇಳಿದೆ. "ನಾವು ಹೋಗಿ ಬೆಂಕಿ ಒಯ್ದೋರು ನಾವಂತ ಹೇಳಬೇಕು."

"ಅಕಿ ಹೇಳ್ಯಾಳೇನು?"

"ಇಲ್ಲ."

"ಅಕಿ ಹೇಳಲಾರದ್ದು ನೀ ಯಾಕ ಹೇಳ್ತಿ? ಬೀಗರು ತೊಟ್ಟಿಲಕ್ಕ ಬರೋರದಾರ. ಮಂದಿ ಮನಿ ಬರಕತ್ತಿನ ಮ್ಯಾಲ ಉಸಿರು ಹಿಡದ ಕೂಸು ಅಂತ ಗೊತ್ತಾದ್ರ ಅವರು ಅದನ್ನ ಹೊಸ್ತಿಲ ದಾಟಸ್ತಾರೇನು? ತಾಯಿನ್ನ ಕರಕೊಂಡು ಹೋಗ್ತಾರೇನು?"

"ಇದೆಲ್ಲ ಸುಳ್ಳು ಆಯಿ."

"ಸುಳ್ಳಿರಲಿ. ನಿನ್ನ ಖರೇ ನಿನ್ನ ಟ್ರಂಕಿನಾಗ ಇಡು."

ಇಲ್ಲಿ ನನ್ನ ತರ್ಕ ತಪ್ಪಿತು. ಎಲ್ಲಿ ತಪ್ಪಿತೆಂದು ಈಗ ತೋರಿಸಬಲ್ಲೆ, ಆಗ ಕಾಣಲಿಲ್ಲ. ಆ ನಂಬಿಕೆ ಸುಳ್ಳು, ಆದ್ದರಿಂದ ಅದರಿಂದ ಯಾರಿಗೂ ಅಪಾಯವಿಲ್ಲ ಎಂದುಕೊಂಡೆ. ನಾನು ನಂಬದ ದೇವರು ಯಾರನ್ನೂ ಹೊಡೆಯಲಾರ ಅನ್ನುವ ಹಾಗೆ. ಎರಡನೆಯ ತಪ್ಪು ಇನ್ನೂ ದೊಡ್ಡದು. ನೀಲವ್ವ ಕೊಟ್ಟಿದ್ದಾಳೆ, ಅಂದ ಮೇಲೆ ಅವಳಿಗೆ ಏನೋ ಬರಬೇಕಾಗಿದೆ; ಅದು ನ್ಯಾಯ; ಅದನ್ನು ಯಾರಾದರೂ ಎದ್ದು ನಿಂತು ಕೊಡಿಸಲಿ ಎಂದು ಅವಳು ಕಾಯುತ್ತಿದ್ದಾಳೆ ಎಂದು ಲೆಕ್ಕ ಹಾಕಿದೆ. ಬಹಸಿನಲ್ಲಿ ಗೆದ್ದ ಪಕ್ಷವನ್ನೇ ಮನೆಗೆ ತಂದು ಅವಳ ಮೇಲೆ ಹೊದಿಸಿದೆ. ಗೋಡೆ ದಾಟಿದರೆ ಅವಳ ಹಿಂಬಾಗಿಲು. ಚಿಗವ್ವ, ನಾ ಹೇಳಲೇನು, ಎಂದು ಒಂದು ಮಾತು ಕೇಳಬಹುದಿತ್ತು. ಕೆಂಡ ಕೇಳಲು ದಾಟಿದವನು ಇದನ್ನು ಕೇಳಲು ದಾಟಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನವೇ ಬಸಣ್ಣ ಊರ ಅಗಸಿಬಾಗಿಲ ಕಟ್ಟೆಯ ಮುಂದೆ ಮಂದಿ ಕೂಡಿಸಿದ. ಹೋಳಿಗೆ ಉಂಡು ತಾಂಬೂಲ ಹಾಕಿಕೊಂಡ ಹಿರಿಯರೆಲ್ಲ ಹಾಗೆಯೇ ಕಟ್ಟೆಗೆ ಬಂದಿದ್ದರು. ಗೌಡರ ಪಕ್ಕದಲ್ಲಿ ಜಮಖಾನೆಯ ಮೇಲೆ ನಮ್ಮ ಮುಕ್ಕುಂದದ ಬೀಗರು, ಬೆಳ್ಳಿ ಕಟ್ಟಿದ ಕೋಲನ್ನು ಮೊಣಕಾಲಿಗೆ ಆನಿಸಿ ಕೂತಿದ್ದರು. ಹೆಂಗಸರು ಅಗಸಿಯ ಕಂಬದ ಮರೆಯಲ್ಲಿದ್ದರು. ನೀಲವ್ವ ಎಲ್ಲರಿಗಿಂತ ಹಿಂದೆ.

"ಇಕಿ ಯಾರಿಗೆ ಕೊಟ್ಟಾಳ ಹೇಳ್ಲಿ," ಅಂದ ಬಸಣ್ಣ. ಕೆಟ್ಟವನಲ್ಲ. "ಆ ಮನಿಯವರು ರಾಶಿ ದಿನ ಬೆಂಕಿ ತಂದು ಹಾಕ್ಲಿ, ಮುಗೀತು. ಹೇಳಂಗಿಲ್ಲಂದ್ರ ಗುರುಗುಂಟಾಕ ಹೋಗ್ಲಿ. ನಾ ಯಾ ಬಾಯಲೆ ಮತ್ತ ಬೀಜ ಬಿತ್ತಲ್ರೀ ಗೌಡ್ರ?"

ನಾನು ಎದ್ದು ನಿಂತೆ.

"ಏ, ವಕೀಲರು ಎದ್ರು ಎದ್ರು!" ಎಂದ ಒಬ್ಬ. "ಫೀಸು ಯಾರು ಕೊಡ್ತಾರೋ ಚನ್ನಪ್ಪ?"

"ಜ್ವರ ನೆತ್ತಿಗೇರ್ಯಾವು, ಮಾತಾಡ್ಲಿ ಬಿಡ್ರೀ," ಎಂದ ಮತ್ತೊಬ್ಬ.

ನಗು ನಿಂತ ಮೇಲೆ ಶುರು ಮಾಡಿದೆ. ಮಳೆಯಿಂದ ಶುರು ಮಾಡಿದೆ. ತಗ್ಗು, ದಿಬ್ಬ, ಹಳ್ಳ, ನೀರು ನಿಂತ ನೆಲದಲ್ಲಿ ಬೀಜ ಏನಾಗುತ್ತದೆ, ಎಲ್ಲವನ್ನೂ ಒಂದರ ಮೇಲೊಂದು ಇಟ್ಟೆ. ಗೌಡರು ತಲೆ ಅಲ್ಲಾಡಿಸಿದರು. ಬಸಣ್ಣ ಕೂಡ ಕೇಳಿಸಿಕೊಳ್ಳುತ್ತಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಮಾತು ಒಳ್ಳೆಯ ಜಾಗಕ್ಕೆ ಬಂದಿದೆ, ಈಗ ಕೊನೆಯ ಏಟು ಹಾಕಬೇಕು ಎಂದು ಒಳಗೆ ಏನೋ ಕುಣಿಯಿತು. ಅದನ್ನು ಕರುಣೆ ಎಂದು ಕರೆಯಲು ಬಹಳ ಸಲ ಪ್ರಯತ್ನಿಸಿದ್ದೇನೆ. ಅದು ಕರುಣೆಯಲ್ಲ. ಬಹಸಿನಲ್ಲಿ ವಾಹ್ ಬರುವ ಮೊದಲು ಎದೆಯಲ್ಲಿ ಆಗುತ್ತದಲ್ಲ, ಅದು.

"ಬೆಂಕಿ ಒಯ್ದೋನು ನಾ. ನಮ್ಮನಿಗೆ. ಚಿಗವ್ವ ಕೊಡಲಿಲ್ಲಂದ್ರ ಇವತ್ತು ನೀವು ಹೋಳಿಗಿ ಉಣ್ತಿದ್ದಿಲ್ಲ."

ಯಾರೂ ವಾಹ್ ಅನ್ನಲಿಲ್ಲ. ಬೀಗರು ತಾಂಬೂಲ ಉಗುಳಿ, ಬಾಯಿ ಒರೆಸಿಕೊಂಡು, ಮೆಲ್ಲಗೆ ಕೇಳಿದರು.

"ತಮ್ಮಾ, ನಿಮ್ಮ ಮನ್ಯಾಗ ಬೆಂಕಿ ಇರಲಿಲ್ಲೇನು ಆವತ್ತು?"

"ಇರಲಿಲ್ರೀ ಮಾವಾರೆ. ಮಳಿಗೆ ಆರಿತ್ತು."

"ಹುಟ್ಟಿದ ಗಳಿಗ್ಯಾಗ ಕೂಸಿಗೆ ಕಾವು ಕೊಟ್ಟಿದ್ದು ಯಾರ ಬೆಂಕಿಲೆ?"

ಆಗಲೂ ನನಗೆ ಅದು ಪ್ರಶ್ನೆಯಾಗಿಯೇ ಕೇಳಿಸಿತು, ಉತ್ತರ ಗೊತ್ತಿರುವ ಪ್ರಶ್ನೆ. "ಚಿಗವ್ವಂದು," ಅಂದೆ.

ಬೀಗರು ಕೋಲು ಊರಿ ಎದ್ದರು. ಜಗಳವಾಡಲಿಲ್ಲ. "ಗೌಡ್ರ, ತೊಟ್ಟಿಲು ಚಂದಾತು. ಗಾಡಿ ಹೂಡಸ್ರಿ. ನಾ ಒಬ್ಬಾವನ ಹೋಗ್ತೀನಿ."

ಕಂಬದ ಮರೆಯಲ್ಲಿ ಗಿರಿಜಕ್ಕ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವಳಿಗೆ ಬೆಂಕಿಯ ಸಂಗತಿ ಏನೂ ಗೊತ್ತಿರಲಿಲ್ಲ. ಅವಳು ಮಾವನ ಮುಖ ನೋಡಿ, ನನ್ನ ಮುಖ ನೋಡಿ, ಕೂಸಿನ ಕುಲಾವಿಯನ್ನು ಕಿವಿಯ ಮೇಲೆ ಎಳೆದಳು. ಮಾತು ಕೂಸಿಗೆ ಕೇಳಿಸದಿರಲಿ ಎಂಬಂತೆ.

ಆಗ ಹಿಂದಿನಿಂದ ನಗು ಕೇಳಿಸಿತು. ನೀಲವ್ವ ಸೆರಗು ಸರಿಮಾಡಿಕೊಳ್ಳುತ್ತ ಗಂಡಸರ ಮುಂದೆ ಬಂದು ನಿಂತಳು. ಗಂಡಸರ ನಡುವೆ ಅವಳು ಹಾಗೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

"ಎಂಥಾ ಹುಡುಗನೋ ಯಪ್ಪಾ ನೀನು! ಹಾಸಿಗ್ಯಾಗ ಬಿದ್ದು ಕನಸು ಕಂಡೀಯೇನು?" ಅಂದಳು ನನಗೆ. ಆಮೇಲೆ ಗೌಡರ ಕಡೆ ತಿರುಗಿದಳು. "ಯಾರಿಗೂ ಕೊಟ್ಟಿಲ್ರೀ ನಾ. ಒಲಿ ಮುಂದ ಕುಂತಿದ್ದೆ, ಮಳಿಗೆ ನಿದ್ದಿ ಹತ್ತಿತು. ಎಚ್ಚರಾಗೋದ್ರಾಗ ಒಲಿ ಆರಿತ್ತು. ಅಂಜಿಕೊಂಡು ಬೂದಿ ಬಗೆದೆ, ಒಂದರ ಕೆಂಡ ಉಳದೀತೇನಂತ. ಅತ್ತಿ ನೋಡಿದ್ದು ಅದು. ಇವ ನಮ್ಮ ಜಗಳ ಗೋಡಿ ಆಚೆ ಕೇಳಿ ಕೇಳಿ, ಅಯ್ಯೋ ಪಾಪ ಅಂತ ಕಥಿ ಕಟ್ಟ್ಯಾನ. ಇವರ ಮನ್ಯಾಗ ಬೆಂಕಿ ಇತ್ತೋ ಇಲ್ಲೋ, ಕೇಳ್ರಿ ಅವರ ಆಯಿನ್ನ."

ಕೂರಿಗೆ ದಿನ ಬೆಂಕಿ ಕೊಟ್ಟವಳು ತಪ್ಪು ಮಾಡಿದವಳು. ಆ ತಪ್ಪಿಗೆ ಪರಿಹಾರವಿದೆ. ಒಲೆ ಆರಲು ಬಿಟ್ಟವಳು ಮನೆಗೇ ಆಗದವಳು, ಅದಕ್ಕೆ ಪರಿಹಾರವಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನೀಲವ್ವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆಯಿ ಎದ್ದು, "ನಮ್ಮನ್ಯಾಗ ಬೆಂಕಿಗೇನು ಬರಾ? ಬೆಳತನಕ ಉರಿದೈತಿ," ಎಂದಳು. ಆಯಿಯ ಸ್ವರ ಒಂದಿಷ್ಟೂ ಅಲುಗಲಿಲ್ಲ. ದೊಡ್ಡವ್ವ, "ಹೌದ್ರೀ, ನಾನ ನೋಡೀನಿ," ಎಂದಳು. ನೀಲವ್ವ ಕೊಟ್ಟ ಗೋಣಿಕೊಪ್ಪೆ ನಮ್ಮ ಮನೆಯಲ್ಲಿದೆ, ಅದನ್ನು ತಂದು ತೋರಿಸುತ್ತೇನೆ ಎಂದು ನನ್ನ ಬಾಯಿಗೆ ಬಂತು. ಆಯಿ ಅದನ್ನು ಒಲೆಗೆ ಹಾಕಿ ಸುಟ್ಟಿದ್ದಳೆಂದು ಮರುದಿನ ತಿಳಿಯಿತು. ಆದರೆ ನಾನು ಬಾಯಿ ಮುಚ್ಚಿದ್ದು ಸಾಕ್ಷಿ ಇಲ್ಲದ್ದಕ್ಕಲ್ಲ. ನೀಲವ್ವ ನನ್ನ ಕಡೆ ತಿರುಗಿ ಒಮ್ಮೆ ನೋಡಿದಳು. ಒಂದೇ ಸಲ. ನಾನು ಕೂತೆ.

ಕೂತಾಗ ನನಗೆ ಅನಿಸಿದ್ದನ್ನೂ ಹೇಳಬೇಕು. ನಿರಾಳವೆನಿಸಿತು. ಬೀಗರು ತಿರುಗಿ ಜಮಖಾನೆಯ ಮೇಲೆ ಕೂತರು. ಯಾರೋ "ವಕೀಲರ ಕೇಸು ವಜಾ!" ಅಂದರು. ಕಟ್ಟೆಗೆ ಕಟ್ಟೆಯೇ ನಕ್ಕಿತು. ಬೀಗರೂ ನಕ್ಕರು. ಅವರು ನಕ್ಕದ್ದು ನೋಡಿ ಗಿರಿಜಕ್ಕ ಅತ್ತ ಮುಖ ಮಾಡಿ ಕಣ್ಣೊರೆಸಿಕೊಂಡಳು. ಅವಳಿಗಾಗಿ ನಾನೂ ಸ್ವಲ್ಪ ನಕ್ಕೆ.

ಮರುದಿನ ನೀಲವ್ವನ ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ಅವರು ನಮ್ಮ ಬಾಗಿಲ ಮುಂದೆಯೇ ಹಾದುಹೋಗಬೇಕಿತ್ತು. ಆಯಿ ಕೂಸನ್ನು ಎಣ್ಣೆ ಹಚ್ಚಿ ಬಿಸಿಲಿಗೆ ಮಲಗಿಸಿದ್ದಳು. ನೀಲವ್ವ ಬರುವುದು ಕಂಡ ಕೂಡಲೇ ಎತ್ತಿಕೊಂಡು ಒಳಗೆ ಹೋದಳು. ದೃಷ್ಟಿಯಾದೀತು ಅಂದಳು. ಯಾರ ದೃಷ್ಟಿ ಎಂದು ನಾನು ಕೇಳಲಿಲ್ಲ. ಬರುವ ಬಿತ್ತಿಗೆಯ ಹೊತ್ತಿಗೆ ಕರೆತರುತ್ತೇನೆಂದು ಬಸಣ್ಣ ಅಂದಿದ್ದನಂತೆ. ಆ ಬಿತ್ತಿಗೆಯ ಹೊತ್ತಿಗೆ ಅವನ ಅವ್ವ ಬೇರೊಬ್ಬಳನ್ನು ತಂದಿದ್ದಳು.

ಹೈದರಾಬಾದಿಗೆ ಮರಳಿದ ಮೇಲೆ ನನ್ನ ಪಕ್ಷವನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಅವಳಿಗೆ ಏನೋ ಸಿಕ್ಕಿರಲೇಬೇಕು ಎಂದು ಹುಡುಕಿದೆ. ಪುಣ್ಯವೇ? ಹಿರಿಯರ ಮುಂದೆ ಸುಳ್ಳು ಹೇಳಿದಳು, ಪುಣ್ಯದ ಲೆಕ್ಕದಲ್ಲಿ ಅದು ಕೂಡುವುದಿಲ್ಲ. ಹೆಸರೇ? ಒಲೆ ಆರಿಸಿದವಳು ಎಂಬ ಹೆಸರು ಸಿಕ್ಕಿತು. ಉಳಿದದ್ದು ಮೂರನೆಯ ಬಾಗಿಲು: ತನ್ನ ಕಣ್ಣಿನಲ್ಲಿ ತಾನು ದೊಡ್ಡವಳಾದಳು, ಆ ಸಂತೋಷ ಒಳಗೊಳಗೇ ಇದ್ದೀತು. ಸತ್ಯವಾಗಿ ಹೇಳುವುದಾದರೆ ಗುರುಗುಂಟಾದ ಮೋಟಾರು ಹತ್ತಿದಾಗ ಅವಳ ಮುಖದಲ್ಲಿ ಆ ಸಂತೋಷ ಹುಡುಕುವ ಆಸೆಯೂ ನನಗಿತ್ತು. ಅದು ಸಿಕ್ಕರೆ ನನ್ನ ವಾದ ನಿಲ್ಲುತ್ತದೆ. ವಾದ ನಿಂತರೆ ನನ್ನ ನಾಚಿಕೆ ಸ್ವಲ್ಪ ಕಡಿಮೆಯಾಗುತ್ತದೆ. ಅವಳನ್ನು ನೋಡಲು ಹೊರಟವನು ಹೀಗೆ ಹೊರಟೆ.

ಇದನ್ನು ಬರೆದು ಅಚ್ಚಿಗೆ ಕೊಡುವುದು ಎರಡನೆಯ ಸಲ ಕಟ್ಟೆಯ ಮುಂದೆ ಎದ್ದು ನಿಂತಂತಲ್ಲವೇ ಎಂದು ಯಾರಾದರೂ ಕೇಳಬಹುದು. ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಕಳೆದ ಬೇಸಿಗೆಯಲ್ಲಿ ಬೀಗರು ತೀರಿಕೊಂಡರು. ನಮ್ಮ ಭಾವ ಇಂಥದ್ದಕ್ಕೆ ನಕ್ಕುಬಿಡುವ ಮನುಷ್ಯ. ಹೆಸರುಗಳನ್ನು ಬದಲಿಸಿದ್ದೇನೆ. ಇಷ್ಟೆಲ್ಲ ಸಮಜಾಯಿಷಿ ಇದ್ದರೂ ಪ್ರಶ್ನೆ ಇದ್ದಲ್ಲೇ ಇದೆ.

ಗುರುಗುಂಟಾದಲ್ಲಿ ಅವಳ ಅಣ್ಣನ ಮನೆ ಕುರಿಹಟ್ಟಿಯ ಪಕ್ಕದಲ್ಲಿ. ನಾನು ಹೋದಾಗ ನೀಲವ್ವ ಗೋಡೆಗೆ ಕುಳ್ಳು ತಟ್ಟುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

"ಯಾರದು? ಚನ್ನಪ್ಪನೇನು? ಜ್ವರ ಬಿಟ್ಟಾವೇನೋ?"

"ಯಾವಾಗೋ ಬಿಟ್ಟಾವ ಚಿಗವ್ವ."

"ಮತ್ತ ಇನ್ನಾ ಹಂಗ ಕಡ್ಡಿಯಾಗಿ ಅದೀಯಲ್ಲ. ಆ ಊರಾಗ ಅನ್ನ ಹಾಕಂಗಿಲ್ಲೇನು, ಬರೇ ಮಾತು ಕಲಸ್ತಾರ?"

ಕಡ್ಡಿ ಎಂದದ್ದು ಕೇಳಿ ನನ್ನ ಜೇಬಿನಲ್ಲಿದ್ದದ್ದು ಚುಚ್ಚಿತು. ಅವಳಿಗೆಂದು ನಾನು ಕಡ್ಡಿಪೆಟ್ಟಿಗೆಯ ಒಂದು ಕಟ್ಟು ತಂದಿದ್ದೆ. ಲಿಂಗಸುಗೂರಿನ ಅಂಗಡಿಯವನು ಬಾಗಿಲ ಹಿಂದೆ ಕರೆದು ಕೊಟ್ಟದ್ದು. ಅಲ್ಲಿ ಅದು ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿತ್ತು. ಅವಳ ಕೈಗಿಟ್ಟಾಗ ಬೆವೆತೆ. ಅವಳು ಅದನ್ನು ತಿರುಗಿಸಿ ನೋಡಿ, "ಚಲೋ ಆತು," ಎಂದು ಕಟ್ಟೆಯ ಮೇಲಿಟ್ಟು ಮತ್ತೆ ಸಗಣಿಗೆ ಕೈಹಾಕಿದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮುದುಕಿ ಬೋಕಿ ಹಿಡಿದು ಬಂದಳು. ನೀಲವ್ವ ಕೈ ತೊಳೆದುಕೊಂಡು ಒಳಗೆ ಹೋಗಿ ಕೆಂಡ ತಂದು ಹಾಕಿದಳು. ಹೊರಟ ಮುದುಕಿಯನ್ನು ಕರೆದು ಕಡ್ಡಿಪೆಟ್ಟಿಗೆಯ ಕಟ್ಟನ್ನೂ ಅವಳ ಮಡಿಲಿಗೆ ಹಾಕಿದಳು. "ಇದನ್ನೂ ಒಯ್ಯಿ. ಮುಂಜಾನಿ ಮುಂಜಾನಿ ಚಳ್ಯಾಗ ಓಡಿ ಬರ್ತಿ." ನನಗೆ ತೋರಿಸಲೆಂದು ಹಾಕಲಿಲ್ಲ. ನಾನು ಅಲ್ಲಿರುವುದು ಅವಳಿಗೆ ಆ ಹೊತ್ತಿನಲ್ಲಿ ನೆನಪಿದ್ದಂತೆ ಕಾಣಲಿಲ್ಲ.

ನಾನು ಹುಡುಕಿದ ಸಂತೋಷ ಅವಳ ಮುಖದಲ್ಲಿ ಇರಲಿಲ್ಲ. ದುಃಖವೂ ಇರಲಿಲ್ಲ. ಕುಳ್ಳು ತಟ್ಟುವವಳ ಮುಖವಿತ್ತು.

"ಗಿರಿಜಕ್ಕನ ಮಗ ಈಗ ಓಡ್ಯಾಡ್ತಾನ ಚಿಗವ್ವ. ಕೈಗೆ ಸಿಗಂಗಿಲ್ಲ."

"ಓಡ್ಯಾಡ್ಲಿ ಬಿಡು."

"ನೀ ಅವತ್ತು ಬೆಂಕಿ ಕೊಟ್ಟದ್ದಕ್ಕ..."

"ಯಾ ಬೆಂಕಿ?" ಅಂದಳು. "ನಾ ಯಾರಿಗೆ ಕೊಟ್ಟೀನಪ್ಪ? ಒಲಿ ಮುಂದ ನಿದ್ದಿ ಹತ್ತಿತ್ತು. ಇಡೀ ಮಸ್ಕಿಗೆ ಗೊತ್ತೈತಿ, ನಿನಗ ಗೊತ್ತಿಲ್ಲೇನು?"

ಸುತ್ತ ಯಾರೂ ಇರಲಿಲ್ಲ. ಕುರಿಗಳಿದ್ದವು. ಅವಳು ನಗಲಿಲ್ಲ, ಕಣ್ಣು ಮಿಟುಕಿಸಲಿಲ್ಲ, ಸಿಟ್ಟಾಗಲಿಲ್ಲ. ಕೆಂಡ ಕೊಟ್ಟವಳು ತಾನೆಂಬ ಮಾತನ್ನೂ ಅವಳು ಅಂದೇ ಕೊಟ್ಟುಬಿಟ್ಟಿದ್ದಳು. ನಾನೊಬ್ಬನೇ ಎದುರಿಗೆ ಇದ್ದಾಗಲೂ ಅದನ್ನು ತಿರುಗಿ ತೆಗೆದುಕೊಳ್ಳಲಿಲ್ಲ.

"ಬಾ, ರೊಟ್ಟಿ ತಿಂದು ಹೋಗು. ಮೋಟಾರು ಹೊತ್ತಾಗಿ ಬರ್ತದ."

ರೊಟ್ಟಿ, ಪುಂಡಿಪಲ್ಯ ಹಾಕಿದಳು. ನಾನು ಉಂಡೆ. ಅವಳು ಬೆನ್ನು ತಿರುಗಿಸಿ ಒಲೆ ಊದುತ್ತ ಕೂತಿದ್ದಳು. ಬೆನ್ನಿಗೆ ಕೇಳುವುದು ಸುಲಭವೆನಿಸಿತು. ಕೇಳಿದೆ. ಅವಳು ಊದುವುದನ್ನು ನಿಲ್ಲಿಸಲಿಲ್ಲ. ಹೊರಗೆ ಮೋಟಾರಿನ ಸದ್ದಾಯಿತು, ನಾನು ಎದ್ದೆ. ಅದನ್ನೇ ಇಲ್ಲಿ ಇನ್ನೊಮ್ಮೆ ಕೇಳುತ್ತಿದ್ದೇನೆ, ಅವಳಿಗೆ ಓದಲು ಬರುವುದಿಲ್ಲವೆಂದು ಗೊತ್ತಿದ್ದೂ:

ಚಿಗವ್ವ, ಕಟ್ಟಿ ಮುಂದ ನನ್ನ ಸುಳ್ಳು ಮಾಡಿ ಕಡೀಕ ಒಮ್ಮೆ ತಿರುಗಿ ನೋಡಿದೆಲ್ಲ, ನಾ ಅದನ್ನ ಸುಮ್ಮನ ಕುಂದ್ರು ಅಂತ ತಿಳಕೊಂಡು ಕೂತೆ. ನೀ ಕುಂದ್ರು ಅಂತನೇ ನೋಡಿದ್ದೇನು?